ಇಸ್ಕೊಂಡಿದ್ದು ಏನು, ಬಿಟ್ಟಿದ್ದು ಏನು

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆದೂ ಬರೆದೂ ಈಗ ಕಥೆ ಬರೆಯುವ ಹುಚ್ಚು ಹತ್ತಿದೆ. ವಿಷಯ ಇಷ್ಟೇ: ಒಬ್ಬ ರೈತನ ಎರಡು ಬಾಕ್ಸ್ ಟೊಮೆಟೊ ಹರಾಜಿಗೆ ಮೊದಲೇ ಕಾಣೆಯಾಗುತ್ತದೆ. ಅವನು ಹುಡುಕಲು ಹೊರಡುತ್ತಾನೆ.

ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ, ಇಷ್ಟದ ಪುಸ್ತಕಗಳನ್ನು ಮತ್ತೆ ಕೆಳಗಿಳಿಸಿದೆ. ಈ ಸಲ ಪೆನ್ಸಿಲ್ ಹಿಡಿದು ಕೂತೆ. ಕಥೆ ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ಗೊತ್ತು, ಎಷ್ಟನ್ನು ಬಚ್ಚಿಟ್ಟಿದ್ದಾರೆ, ಇವಕ್ಕೆಲ್ಲ ಅಂಚಿನಲ್ಲಿ ಗುರುತು ಹಾಕುತ್ತಾ ಹೋದೆ.

ಮೊದಲು ಮಾಸ್ತಿ. ಮಾಲೂರು ತಾಲ್ಲೂಕಿನವರು, ನಮ್ಮ ಜಿಲ್ಲೆಯ ಹಿರಿಯರು. ‘ರಂಗನ ಮದುವೆ’ ನೂರು ವರ್ಷಕ್ಕೂ ಹಿಂದಿನ ಕಥೆ. ಅದರಲ್ಲಿ ಕಥೆ ಹೇಳುವ ಶ್ಯಾಮ ಎಷ್ಟೋ ಹೊತ್ತು ರಂಗನ ವಿಷಯಕ್ಕೇ ಬರುವುದಿಲ್ಲ. ಹೊಸಹಳ್ಳಿ ಭೂಪಟದಲ್ಲಿ ಇಲ್ಲ ಅನ್ನುತ್ತಾನೆ, ಅಲ್ಲಿನ ಮಾವಿನಕಾಯಿ ಎಷ್ಟು ಹುಳಿ ಅನ್ನುತ್ತಾನೆ. ನಾವು ನಗುತ್ತಾ ಅವನನ್ನು ನಂಬಿಬಿಡುತ್ತೇವೆ. ಆಮೇಲೆ ನೋಡಿದರೆ, ಆಸಾಮಿ ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜ್ಯೋತಿಷ್ಯ ನುಡಿಸಿದ್ದಾನೆ! ಸುಮ್ನೆ ನೋಡುತ್ತಾ ನಿಂತವನಲ್ಲ ಅವನು, ಮದುವೆಯಲ್ಲಿ ಅವನದೇ ಕೈವಾಡ.

ಇದನ್ನು ಓದಿದ ಮೇಲೆ ನನ್ನ ಕಥೆ ರೈತನ ಬಾಯಿಂದ ಮಂಡಿಯ ಗುಮಾಸ್ತನ ಬಾಯಿಗೆ ಬಂತು. ಬಾಕ್ಸ್ ಎಲ್ಲಿ ಹೋಯಿತು ಅಂತ ಅವನಿಗೆ ಗೊತ್ತು. ಲೆಕ್ಕದ ಪುಸ್ತಕದಲ್ಲಿ ಎರಡು ಕಮ್ಮಿ ಬರೆದವನು ಅವನೇ. ಆದರೂ ರೈತನ ಜೊತೆ ತಾನೂ ಹುಡುಕುತ್ತಾನೆ. (ಗುಮಾಸ್ತ ನಾನಲ್ಲ. ನಮ್ಮ ಮಾಲೀಕರು ಇದನ್ನು ಓದಿದರೆ ದಯವಿಟ್ಟು ಗಮನಿಸಬೇಕು.)

ಆಮೇಲೆ ದೇವನೂರ ಮಹಾದೇವ ಅವರ ‘ಒಡಲಾಳ’. ಸಾಕವ್ವನ ಹುಂಜ ಕಳೆದುಹೋಗಿದೆ. ಒಂದು ಹುಂಜ, ಅಷ್ಟೇ. ಆ ಹುಡುಕಾಟದ ಹಿಂದೆಯೇ ಇಡೀ ಮನೆ, ಅದರ ಹಸಿವು, ಜಗಳ, ರಾತ್ರಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ಸುಖ ಎಲ್ಲಾ ಬಂದುಬಿಡುತ್ತದೆ. ಕಳೆದದ್ದು ಎಷ್ಟು ಸಣ್ಣದೋ, ಹುಡುಕುವವರ ಬದುಕು ಅಷ್ಟು ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಕಥೆಯ ಕಾಲವನ್ನೂ ಬದಲಿಸಿದೆ. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸಿನ ರೇಟು ಎರಡು ಸಾವಿರ ದಾಟಿತ್ತು. ‘ಆ ಟೈಮಲ್ಲೇ ಇಡು ಗುರು, ಕಳ್ಳತನಕ್ಕೊಂದು ತೂಕ ಬರುತ್ತೆ’ ಅಂದ ಗೆಳೆಯ. ನನಗೆ ಒಪ್ಪಿಗೆಯಾಗಲಿಲ್ಲ. ಎರಡು ಸಾವಿರದ ಬಾಕ್ಸ್ ಕಳೆದರೆ ಯಾರು ಬೇಕಾದರೂ ಹುಡುಕುತ್ತಾರೆ, ಅಲ್ವಾ? ರೇಟು ಬಿದ್ದು, ಕಾಯಿ ಬಿಡಿಸಿದ ಕೂಲಿಯೂ ಹುಟ್ಟದೆ, ಜನ ರಸ್ತೆ ಪಕ್ಕ ಸುರಿದು ಹೋಗುವ ದಿನಗಳಲ್ಲಿ ಒಬ್ಬ ಎರಡು ಬಾಕ್ಸಿಗಾಗಿ ಮಂಡಿಯಿಂದ ಮಂಡಿಗೆ ಅಲೆದರೆ? ಅವನಿಗೆ ಏನಾಗಿದೆ ಅಂತ ಕೇಳಬೇಕು ಅನಿಸುತ್ತದೆ. ಅಲೆಯುತ್ತಾ ಅವನು ಹಮಾಲರನ್ನು, ಹರಾಜು ಕೂಗುವವರನ್ನು, ಲಾರಿ ಡ್ರೈವರ್‌ಗಳನ್ನು ಎದುರಾಗುತ್ತಾನೆ. ಮಾರ್ಕೆಟ್ ತೋರಿಸಲು ನಾನು ಬೇರೆ ಕಷ್ಟಪಡಬೇಕಿಲ್ಲ.

ಬೇಡ ಅಂತ ಬಿಟ್ಟಿದ್ದೂ ಇದೆ. ದೇವನೂರರ ಮಾತಿನ ಧಾಟಿ ಕಿವಿಯಲ್ಲಿ ಎಷ್ಟು ಕೂತಿದೆ ಅಂದರೆ, ನನ್ನ ರೈತ ಎರಡನೇ ಪುಟಕ್ಕೆ ಅವರ ನಂಜನಗೂಡಿನ ಕಡೆಯವನಾಗುತ್ತಿದ್ದ. ಕೋಲಾರದ ಮಂಡಿಯಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. ಇಲ್ಲಿ ಅರ್ಧ ಮಾತು ತೆಲುಗು. ನಮ್ಮ ಮನೆಯಲ್ಲೂ ತೆಲುಗೇ. ಮಾಸ್ತಿಯವರ ಮನೆಮಾತು ತಮಿಳು. ಅವರ ಕನ್ನಡದಲ್ಲಿ ಅದು ಎಲ್ಲೂ ತೊಡಕಾಗಲಿಲ್ಲ ಅನ್ನುವುದು ನನಗೆ ಜಾಸ್ತಿ ಧೈರ್ಯ ಕೊಟ್ಟ ವಿಷಯ. ಈಗ ಬರೆಯುವಾಗ ಅವರಿಬ್ಬರ ಪುಸ್ತಕ ಮುಟ್ಟುವುದಿಲ್ಲ. ಯೋಜನೆ ಹಾಕುವಾಗ ಮಾತ್ರ ಓದು, ಬರೆಯುವಾಗ ಮಂಡಿಯ ಗಲಾಟೆ.

ಇನ್ನೂ ಬಗೆಹರಿಯದ್ದು ಒಂದೇ: ಗುಮಾಸ್ತ ಯಾವಾಗ ಸಿಕ್ಕಿಬೀಳಬೇಕು? ಶ್ಯಾಮನಿಗಾದರೆ ತನ್ನ ಕೈವಾಡ ಹೇಳಿಕೊಳ್ಳಲು ಖುಷಿ. ನನ್ನವನಿಗೆ ಅದು ಆಗದು. ಸದ್ಯಕ್ಕೆ, ರೈತ ಪಟ್ಟಿ ಓದಿಸಿಕೊಳ್ಳಲು ಅವನ ಹತ್ತಿರವೇ ಬರುವ ಹಾಗೆ ಬರೆದಿದ್ದೇನೆ. ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಎಲ್ಲಾ ಗುಮಾಸ್ತ ಗಟ್ಟಿಯಾಗಿ ಓದುತ್ತಾನೆ. ಬಾಕ್ಸಿನ ಲೆಕ್ಕದ ಸಾಲು ಬಂದಾಗ ಓದುತ್ತಾನೋ, ಹಾರಿಸುತ್ತಾನೋ, ಈ ಭಾನುವಾರ ತೀರ್ಮಾನ ಮಾಡಬೇಕು.