ಐದೂವರೆ ಮನೆಯ ಆ ಒಂದು ಸ್ವರ

ಡಿಸೆಂಬರ್ 8, 2025, ಸೋಮವಾರ, ಪಾಸಡೀನಾ

ಇವತ್ತೂ ಕಾಯರ್ (ಗಾಯನವೃಂದ) ಅಭ್ಯಾಸದಲ್ಲಿ ಬೈಸಿಕೊಂಡೆ. ನಾನು ಹಾಡುವುದು ಆಲ್ಟೋದಲ್ಲಿ, ಅಂದರೆ ಹೆಂಗಸರ ಕೆಳದನಿಯ ಗುಂಪಿನಲ್ಲಿ. ಇಲ್ಲಿಯವರು ಬೈಯುವುದೂ ನಗುನಗುತ್ತಲೇ. "ಆಲ್ಟೋದಲ್ಲಿ ಯಾರೋ ಒಬ್ಬರು ಆ ಸ್ವರದ ಮೇಲೆ ಆರಾಮಾಗಿ ಕೂತುಬಿಡ್ತಿದ್ದೀರಿ" ಅಂದರು ನಮ್ಮನ್ನು ಹಾಡಿಸುವ ಕಂಡಕ್ಟರ್. ಯಾರೋ ಒಬ್ಬರೇನು, ನಾನೇ.

ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಅಮೆರಿಕದ ಸಂಗೀತ ಸಂಯೋಜಕ ಮಾರ್ಟನ್ ಲಾರಿಡ್ಸನ್ ಅವರ 'ಓ ಮಾಗ್ನುಮ್ ಮಿಸ್ತೇರಿಯುಮ್' ಕಲಿಯುತ್ತಿದ್ದೇವೆ. ಲ್ಯಾಟಿನ್ ಸಾಹಿತ್ಯ ಹಳೆಯದು. ಸ್ಪೇನಿನ ಸಂಯೋಜಕ ವಿಕ್ಟೋರಿಯಾ 1572ರಷ್ಟು ಹಿಂದೆಯೇ ಅದಕ್ಕೆ ಸಂಗೀತ ಕೂರಿಸಿದ್ದ. ಲಾರಿಡ್ಸನ್ ಅವರದು 1994ರದು, ಮೊದಲು ಹಾಡಿದ್ದು ಇಲ್ಲೇ ಪಕ್ಕದ ಲಾಸ್ ಏಂಜಲೀಸ್ ಮಾಸ್ಟರ್ ಕೊರಾಲ್. ಗೋದಲಿಯಲ್ಲಿ ಮಲಗಿದ ಪ್ರಭುವನ್ನು ಪಶುಗಳು ಕಂಡವಲ್ಲ, ಎಂಥ ಸೋಜಿಗ ಅಂತ ಸಾಹಿತ್ಯದ ಭಾವ. ಕೊಟ್ಟಿಗೆಯ ವಾಸನೆ ಗೊತ್ತಿರುವ ನನಗೆ ಆ ಪಶುಗಳ ಮೇಲೆಯೇ ಪ್ರೀತಿ.

ಪಕ್ಕವಾದ್ಯ ಒಂದೂ ಇಲ್ಲ. ಶ್ರುತಿಗೆ ಪಿಚ್‌ಪೈಪ್ ಒಮ್ಮೆ ಊದಿ ಬಿಟ್ಟರೆ ಮುಂದಿನ ಆರು ನಿಮಿಷ ನಮ್ಮ ಪಾಡು ನಮ್ಮದು. ಮೊದಲ ವಾರ ಹಾಡಿ ಮುಗಿಸಿ ಮೊಬೈಲ್ ತಂಬೂರಿ ಹಾಕಿ ನೋಡಿದರೆ ಶ್ರುತಿಯಲ್ಲಿ ಅರ್ಧ ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಕೆಳಗಿಳಿದಿದ್ದೆವು!

ಕೃತಿ ಇರುವುದು ಡಿ ಮೇಜರ್‌ನಲ್ಲಿ, ಅಂದರೆ ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಎರಡು ಮನೆ ಶ್ರುತಿಯ ಶಂಕರಾಭರಣ ರಾಗ. ಇಡೀ ಕೃತಿ ಆ ಏಳು ಸ್ವರ ಬಿಟ್ಟು ಕದಲುವುದಿಲ್ಲ, ಒಂದು ಕಡೆ ಬಿಟ್ಟು. ಯೇಸುವಿನ ತಾಯಿ ಮರಿಯಮ್ಮನ ಪ್ರಸ್ತಾಪ ಬಂದಾಗ, 'ವಿರ್ಗೋ' (ಕನ್ಯೆ) ಅನ್ನುವ ಪದದ ಮೇಲೆ ಆಲ್ಟೋಗಳಿಗೆ ಜಿ ಶಾರ್ಪ್. ಪ್ರತಿಮಧ್ಯಮ, ಅಂದರೆ ರಾಗದ ಮಧ್ಯಮಕ್ಕಿಂತ ಅರ್ಧ ಮನೆ ಮೇಲಿನದು. ರಾಗಕ್ಕೆ ಸೇರದ ಪಕ್ಕಾ ಅನ್ಯಸ್ವರ. ಮಗನನ್ನು ಹೆತ್ತು, ಅವನು ಶಿಲುಬೆಯ ಮೇಲೆ ಸಾಯುವುದನ್ನೂ ನೋಡಬೇಕಾದ ತಾಯಿಯ ಸಂಕಟವನ್ನು ಆ ಒಂದೇ ಸ್ವರದಲ್ಲಿಟ್ಟೆ ಎಂದು ಲಾರಿಡ್ಸನ್ ಹೇಳಿಕೊಂಡಿದ್ದಾರೆ. ಸದಾ ಮೇಲುದನಿಯ ಸೋಪ್ರಾನೋಗಳ ನೆರಳಲ್ಲಿರುವ ನಮಗೆ ಸಿಕ್ಕ ಕೃತಿಯ ಅತಿ ಮುಖ್ಯ ಸ್ವರ ಅದು.

ನನ್ನ ಫಜೀತಿ ಬೇರೆ. ಜಿ ಶಾರ್ಪ್ ಅಂದರೆ ಐದೂವರೆ ಮನೆ. ಏಳನೇ ವಯಸ್ಸಿನಿಂದ ಸರಳೆ ವರಸೆ ಹಾಡಿದ್ದು ಅದೇ ಶ್ರುತಿಗೆ. ಅದು ನನ್ನ ಷಡ್ಜ, ಹಾಡು ಬಂದು ನೆಲೆ ನಿಲ್ಲುವ 'ಸ'. ಚುಚ್ಚಬೇಕಾದ ಜಾಗದಲ್ಲಿ ನನ್ನ ಗಂಟಲು ಚಪ್ಪಲಿ ಬಿಟ್ಟು ಒಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ.

ಈ ಸಂಗೀತಕ್ಕೆ ಪ್ರೇರಣೆಯಾದ ಚಿತ್ರವೂ ಇದೇ ಊರಿನ ನಾರ್ಟನ್ ಸೈಮನ್ ಮ್ಯೂಸಿಯಂನದು: ಸ್ಪೇನಿನ ಚಿತ್ರಕಾರ ಸುರ್ಬರಾನ್ 1633ರಲ್ಲಿ ಬರೆದದ್ದು. ಕೆಲವು ವರ್ಷಗಳ ಹಿಂದೆ ನೋಡಿದ್ದೆ. ಕಗ್ಗತ್ತಲ ಹಿನ್ನೆಲೆ, ತಟ್ಟೆಯಲ್ಲಿ ನಿಂಬೆ (ನನ್ನ ಕಣ್ಣಿಗೆ ಮಾದಲ ಹಣ್ಣೇ, ಆ ಉಬ್ಬುತಗ್ಗಿನ ಸಿಪ್ಪೆ ನೋಡಿ), ಬುಟ್ಟಿ ತುಂಬ ಹೂವಿನ ಸಮೇತ ಕಿತ್ತಳೆ, ಆಮೇಲೆ ನೀರಿನ ಬಟ್ಟಲು, ಅದರ ಪಕ್ಕ ತಟ್ಟೆಯ ಅಂಚಿಗೆ ಒಂದೇ ಒಂದು ಗುಲಾಬಿ. ಎಲ್ಲವೂ ಮರಿಯಮ್ಮನಿಗೆ ನೈವೇದ್ಯವಂತೆ. ನನಗಂತೂ ಪೂಜೆಗೆ ಅಣಿ ಮಾಡಿಟ್ಟ ಹಾಗೆ ಕಂಡಿತ್ತು.

ವಾಪಸು ಬರುವಾಗ ಕಾರಿನಲ್ಲಿ ತಂಬೂರಿಯನ್ನು ಹಟ ಮಾಡಿ ಎರಡು ಮನೆಗೆ ಇಟ್ಟು, ಅದರ ಮೇಲೆ 'ವಿರ್ಗೋ' ಹಾಡಿದೆ. ಎರಡು ಸಲ ಮತ್ತೆ ಕೂತೇಬಿಟ್ಟೆ. ಮೂರನೆಯ ಸಲ ಎದೆಯಲ್ಲಿ ಮುಳ್ಳು ಮುರಿದಂತಾಯಿತು, ಸರಿಯಾಗಿ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು.