ಹಾರ್ಮೋನಿಯಂ ಕೈಗೆ ಪಿಯಾನೋ: ನಾಲ್ಕು ನಿಮಿಷಕ್ಕೆ ಏನು ನುಡಿಸಲಿ?

ಮೊದಲ ವಾರ

ಭಾನುವಾರದ ಪಿಯಾನೋ ಕ್ಲಾಸ್ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಮಿಸ್ ಹೇಳಿದರು, "ಸರ್, ಈ ಸಲ ನೀವೂ ಸ್ಟೇಜ್ ಹತ್ತಬೇಕು." ಕಲಿಸುವವರು ಅವರು, ಸರ್ ಅನ್ನಿಸಿಕೊಳ್ಳುವವನು ನಾನು. ವಯಸ್ಸು ಮಾಡುವ ಕಿತಾಪತಿ ಇದು. ವಾರ್ಷಿಕ ಕಾರ್ಯಕ್ರಮಕ್ಕೆ ಇನ್ನು ಹನ್ನೆರಡು ವಾರ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ನನ್ನ ಬಿಟ್ಟರೆ ಉಳಿದವರೆಲ್ಲ ಎಂಟರಿಂದ ಹದಿನೈದು ವರ್ಷದ ಮಕ್ಕಳು.

ನನ್ನ ಕೈಯ ಕಥೆ ಮೊದಲು ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ನಮ್ಮ ಬೀದಿಯ ಭಜನೆಗೆ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಬಲಗೈ ಓಡುತ್ತದೆ. ಎಡಗೈಗೆ ಗೊತ್ತಿರುವುದು ತಿದಿ ಒತ್ತುವುದು ಒಂದೇ. ಪಿಯಾನೋ ಶುರು ಮಾಡಿ ಎರಡು ವರ್ಷವಾಯಿತು, ಎಡಗೈ ಇನ್ನೂ ಗಾಳಿ ಹಾಕಲು ಜಾಗ ಹುಡುಕುತ್ತಿರುತ್ತದೆ. ಇನ್ನೊಂದು ತೊಂದರೆ ಇದೆ. ಹಾರ್ಮೋನಿಯಂ ಕೀ ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಪಿಯಾನೋದಲ್ಲಿ ಒತ್ತಿದ ರೀತಿಯೇ ಸದ್ದು. ಅಂದರೆ ನನ್ನ ಬೆರಳುಗಳಿಗೆ ಮೆಲ್ಲಗೆ ಮಾತಾಡಿಯೇ ಗೊತ್ತಿಲ್ಲ.

ಹಾಗಾಗಿ ನನಗೆ ಬೇಕಾದದ್ದು ಎಡಗೈಗೆ ಕೆಲಸ ಕಡಿಮೆ ಇದ್ದು, ಕೇಳಿದರೆ ಎರಡು ಕೈಯೂ ದುಡಿಯುತ್ತಿವೆ ಅನ್ನಿಸುವಂಥದ್ದು. ಸ್ವಲ್ಪ ಮೋಸವೇ, ಇರಲಿ.

ಪಟ್ಟಿಯಲ್ಲಿ ಮೊದಲು ಬಂದದ್ದು ಬೆತೊವನ್‌ನ 'ಫ್ಯೂರ್ ಎಲಿಜೆ'. ಬರೆದದ್ದು 1810ರಲ್ಲಿ, ಅಚ್ಚಾದದ್ದು ಅವನು ಸತ್ತು ನಲವತ್ತು ವರ್ಷವಾದ ಮೇಲೆ, 1867ರಲ್ಲಿ. ಮಕ್ಕಳ ಆಟಿಕೆಯಲ್ಲೂ ಬರುವ ಆ ಮೊದಲ ಭಾಗ ಸುಲಭ. ಆದರೆ ನಡುವೆ ಬರುವ ಓಟ ಆಟಿಕೆಯಲ್ಲಿ ಇರುವುದಿಲ್ಲ. ಜೊತೆಗೆ, ಎಲ್ಲರಿಗೂ ಗೊತ್ತಿರುವ ಧಾಟಿಯಲ್ಲಿ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಇಬ್ಬರು ಮಕ್ಕಳು ಆಗಲೇ ಅದನ್ನು ಹಿಡಿದಿದ್ದಾರೆ ಬೇರೆ. ಬಿಟ್ಟೆ.

'ಮೂನ್‌ಲೈಟ್' ಸೊನಾಟಾದ ಮೊದಲ ಭಾಗ ನಿಧಾನ, ಹಾಗಾಗಿ ಸುಲಭ ಅಂದುಕೊಂಡಿದ್ದೆ. ನಾಲ್ಕು ಶಾರ್ಪ್, ಅಂದರೆ ನಾಲ್ಕು ಸ್ವರಗಳನ್ನು ಅರ್ಧ ಮೆಟ್ಟಿಲು ಏರಿಸಿ ನುಡಿಸಬೇಕು. ಬಲಗೈ ಒಳಗೆ ಮೂರು ಮೂರು ಸ್ವರ ಉರುಳಿಸುತ್ತಾ, ಅದೇ ಕೈಯ ಕಿರುಬೆರಳಲ್ಲಿ ಮೇಲಿನ ಹಾಡು ಹೇಳಬೇಕು. ಒಳಗಿನದ್ದು ಮೆಲ್ಲಗೆ, ಮೇಲಿನದ್ದು ಸ್ವಲ್ಪ ಎದ್ದು. ನನ್ನ ಬೆರಳು ಐದನ್ನೂ ಒಂದೇ ದನಿಯಲ್ಲಿ ಕೂಗಿಸಿತು. ಸಮಯವೂ ನಾಲ್ಕು ನಿಮಿಷ ದಾಟುತ್ತದೆ. ಅದನ್ನೂ ಬಿಟ್ಟೆ.

ಬಿಡಲು ನಿಜಕ್ಕೂ ಹೊಟ್ಟೆ ಉರಿದದ್ದು ಎರಿಕ್ ಸಾಟಿಯ ಮೊದಲ 'ಜಿಮ್ನೊಪೆಡಿ', 1888ರದ್ದು. ಅಷ್ಟು ಕಡಿಮೆ ಸ್ವರದಲ್ಲಿ ಅಷ್ಟು ಚೆಂದ. ಎಡಗೈ ಕೆಳಗೆ ಒಂದು ಸ್ವರ ಒತ್ತಿ, ಹಾರಿ ಮೇಲೆ ಬಂದು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳು) ಹಿಡಿಯಬೇಕು. ಐದು ಸಲದಲ್ಲಿ ಒಂದು ಸಲ ಪಕ್ಕದ ಕೀ ಮೇಲೆ ಬೀಳುತ್ತಿದ್ದೆ. ವೇಗದ ಸಂಗೀತದಲ್ಲಿ ತಪ್ಪು ಓಡಿಹೋಗುತ್ತದೆ. ಸಾಟಿಯಲ್ಲಿ ಅದು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತದೆ.

ಮೂರನೇ ವಾರ

ಬಾಖ್ ಸಿಕ್ಕಿದ. ಅವನ 'ವೆಲ್ ಟೆಂಪರ್ಡ್ ಕ್ಲಾವಿಯರ್' ಎಂಬ ಸಂಗ್ರಹದ ಮೊದಲ ಸಂಪುಟದ (1722) ಮೊದಲ ಪ್ರಿಲ್ಯೂಡ್, ಸಿ ಮೇಜರ್. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ್ವರಗಳು. ಮೊದಲ ಬಾರ್ (ನಮ್ಮ ತಾಳದ ಒಂದು ಆವರ್ತದ ಹಾಗೆ) ಹೀಗೆ: ಎಡಗೈ ಸ, ಗ. ಬಲಗೈ ಪ ಸ ಗ, ಪ ಸ ಗ. ಇದನ್ನೇ ಇನ್ನೊಮ್ಮೆ ನುಡಿಸಿದರೆ ಬಾರ್ ಮುಗಿಯಿತು. ಎಂಟು ಸ್ವರದಲ್ಲಿ ಎಡಗೈ ಪಾಲಿಗೆ ಎರಡೇ! ಇದೇ ನಡೆ 32 ಬಾರ್ ನಡೆಯುತ್ತದೆ, ಕೊನೆಯ ಮೂರು ಬಾರ್ ಮಾತ್ರ ಬೇರೆ. ಕೇಳುವವರಿಗೆ ಇಡೀ ಪಿಯಾನೋ ಹರಿಯುತ್ತಿದೆ ಅನ್ನಿಸುತ್ತದೆ.

ಮಿಸ್ ಒಂದು ಉಪಾಯ ಹೇಳಿಕೊಟ್ಟರು. ಬಿಡಿ ಬಿಡಿ ಸ್ವರ ನುಡಿಸಬೇಡಿ, ಒಂದು ಬಾರ್‌ನ ಐದು ಸ್ವರವನ್ನೂ ಒಟ್ಟಿಗೆ ಒತ್ತಿ, ಮುಂದಿನ ಬಾರ್‌ಗೆ ಹೋಗಿ. ಹಾಗೆ ಕೈಯ ಆಕಾರ ಕಲಿತ ಮೇಲೆ ಬಿಡಿಸುವುದು. ನಾಲ್ಕು ದಿನದಲ್ಲಿ ಇಪ್ಪತ್ತು ಬಾರ್ ಬಾಯಿಪಾಠವಾಯಿತು, ಅಲ್ಲ, ಕೈಪಾಠ.

ಇಲ್ಲೊಂದು ತಮಾಷೆ ನಡೆಯಿತು. ಮಿಸ್ ಹತ್ತಿರದ ಹಳೇ ಪುಸ್ತಕದಲ್ಲಿ 36 ಬಾರ್, ನಾನು ಇಳಿಸಿಕೊಂಡ ಪ್ರತಿಯಲ್ಲಿ 35. ಮೂರು ಸಲ ಎಣಿಸಿದೆ. ವಿಷಯ ಇಷ್ಟು: 22ನೇ ಬಾರ್‌ನಲ್ಲಿ ಕೆಳಗಿನ ಸ್ವರ ಎಫ್ ಶಾರ್ಪ್, 23ರಲ್ಲಿ ಎ ಫ್ಲ್ಯಾಟ್. ಪ್ರತಿ ಮಧ್ಯಮದಿಂದ ಪಂಚಮ ಬಿಟ್ಟು ನೇರ ಶುದ್ಧ ಧೈವತಕ್ಕೆ ಹಾರಿದ ಹಾಗೆ. ಶ್ವೆಂಕೆ ಎಂಬಾತನಿಗೆ ಇದು ಸರಿ ಕಾಣಲಿಲ್ಲವೇನೋ, ನಡುವೆ ಜಿ, ಅಂದರೆ ಆ ಪಂಚಮ, ಇಟ್ಟು ಒಂದು ಬಾರ್ ತುಂಬಿಬಿಟ್ಟ. ಆಮೇಲೆ ಎಷ್ಟೋ ಪುಸ್ತಕಗಳು ಅದನ್ನೇ ಅಚ್ಚು ಹಾಕಿದವು. 1853ರಲ್ಲಿ ಫ್ರಾನ್ಸಿನ ಸಂಗೀತಗಾರ ಗೂನೋ ಈ ಪ್ರಿಲ್ಯೂಡ್ ಮೇಲೆ ತನ್ನ ಧಾಟಿ ಕೂರಿಸಿದಾಗಲೂ ಆ ಹೆಚ್ಚುವರಿ ಬಾರ್ ಹಾಗೇ ಇತ್ತು. ಅದೇ ಮುಂದೆ 'ಆವೆ ಮರಿಯಾ' ಎಂಬ ಹಾಡಾಯಿತು. ನಾನು 35ರದ್ದೇ ನುಡಿಸುತ್ತೇನೆ. ಪಂಚಮ ಬಿಟ್ಟು ಹಾರುವ ಆ ಜಾಗದಲ್ಲಿ ಮೈ ಜುಂ ಅನ್ನುತ್ತದೆ, ಅದನ್ನು ಯಾಕೆ ಕಳೆದುಕೊಳ್ಳಲಿ?

ಐದನೇ ವಾರ

ಹೆಚ್ಚೇನೂ ಆಗಲಿಲ್ಲ. ಸಂಜೆ ಹೊತ್ತು ಕರೆಂಟ್ ಹೋಗುತ್ತಿದೆ, ನನ್ನದು ಡಿಜಿಟಲ್ ಪಿಯಾನೋ. ಹಾರ್ಮೋನಿಯಂಗೆ ಈ ಗೋಳಿಲ್ಲ.

ಒಂದು ದಿನ ಕರೆಂಟ್ ಬಂದು ಮತ್ತೆ ಆನ್ ಮಾಡಿದ ಮೇಲೆ, ಸ್ವರವನ್ನು ಎಳೆದು ಹಿಡಿಯುವ ಕಾಲಿನ ಪೆಡಲ್ ಉಲ್ಟಾ ಆಗಿತ್ತು. ಒತ್ತಿದರೆ ಸ್ವರ ಕಡಿದುಹೋಗುತ್ತದೆ, ಬಿಟ್ಟರೆ ಎಲ್ಲ ಕಲಸಿಹೋಗುತ್ತದೆ. ಪೆಡಲ್ ಕೆಟ್ಟಿತು ಅಂತ ಅಂಗಡಿಯವನಿಗೆ ಫೋನ್ ಮಾಡಿ ರೇಗಿದೆ. ತಪ್ಪು ನನ್ನದೇ. ಆನ್ ಮಾಡುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ 'ಬಿಟ್ಟ ಸ್ಥಿತಿ' ಅಂತ ನನ್ನ ಯಂತ್ರ ತಿಳಿದುಕೊಳ್ಳುತ್ತದೆ. ನಾನು ಕಾಲಿಟ್ಟುಕೊಂಡೇ ಸ್ವಿಚ್ ಒತ್ತಿದ್ದೆ. ಕಾಲು ತೆಗೆದು, ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು. ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ಸಾರಿ ಕೇಳಬೇಕಾಯಿತು.

ಎಂಟನೇ ವಾರ

ಬಾಖ್ ಎರಡು ನಿಮಿಷ ಚಿಲ್ಲರೆ. ಉಳಿದ ಹೊತ್ತಿಗೆ ಬುರ್ಗ್‌ಮ್ಯೂಲರ್‌ನ 'ಅರಬೆಸ್ಕ್' ಹಿಡಿದಿದ್ದೇನೆ. 1851ರಲ್ಲಿ ಕಲಿಯುವವರಿಗೆಂದೇ ಬರೆದ 25 ಪಾಠಗಳಲ್ಲಿ ಎರಡನೆಯದು. ಬಲಗೈ ಐದು ಬೆರಳಲ್ಲೇ ಸರಸರ ಮೇಲೆ ಏರುತ್ತದೆ, ಎಡಗೈ ಚಿಕ್ಕ ಕಾರ್ಡ್ ಕುಟ್ಟುತ್ತಾ ಕೂರುತ್ತದೆ. ನನಗೇ ಹೊಲಿದ ಅಂಗಿ ಅಂದುಕೊಂಡೆ. ಎರಡನೇ ಭಾಗದಲ್ಲಿ ಅದೇ ಓಟ ಎಡಗೈಗೆ ಬಂತು. ಸಿಕ್ಕಿಬಿದ್ದೆ.

ಪುಸ್ತಕದಲ್ಲಿ ವೇಗ ನಿಮಿಷಕ್ಕೆ 152 ಪೆಟ್ಟು ಅಂತಿದೆ. ನನ್ನ ಎಡಗೈ 72ಕ್ಕೆ ಎಡವುತ್ತಿತ್ತು, ಈಗ 104. ದಿನಾ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ಎಡಗೈ ಒಂದೇ. ಮಗಳು ಎದ್ದು ಬಂದು ನೋಡಿ, "ಅಪ್ಪಾ, ಸದ್ದಿಲ್ದೆ ಟೈಪಿಂಗ್ ಮಾಡ್ತಿದ್ದೀಯಾ?" ಅಂದಳು.

ಗುಬ್ಬಿ ಕಡೆಯಿಂದ ದೊಡ್ಡಪ್ಪ ಬಂದಿದ್ದರು. ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು. ಬಾಖ್ ಪೂರ್ತಿ ಕೇಳಿದರು. "ಚೆನ್ನಾಗೈತೆ ಕಣಪ್ಪಾ. ಹಾಡು ಯಾವಾಗ ಶುರು?" ಅಂದರು. ಅವರ ಕಿವಿಗೆ ಅದು ಹಾಡಿಗೆ ಮುಂಚಿನ ಬರೀ ಶ್ರುತಿ. ತಪ್ಪೇನಿಲ್ಲ, ಪ್ರಿಲ್ಯೂಡ್ ಅಂದರೂ ಮುಂದೆ ಬರುವುದಕ್ಕೆ ಪೀಠಿಕೆಯೇ ಅಲ್ವಾ. ಅರಬೆಸ್ಕ್ ನುಡಿಸಿದಾಗ ಮಾತ್ರ ತೊಡೆ ತಟ್ಟಿದರು. ಅಲ್ಲಿಗೆ ಕ್ರಮ ಗೊತ್ತಾಯಿತು. ಬಾಖ್ ಮೊದಲು, ಅರಬೆಸ್ಕ್ ಆಮೇಲೆ.

"ನಮಗ್ಯಾಕೋ ಈ ಬಿಳಿಯರ ಪೆಟ್ಟಿಗೆ" ಅಂತಲೂ ಕೇಳಿದರು. ನೀವು ಬಾರಿಸಿದ್ದೂ ಅವರದ್ದೇ ಪೆಟ್ಟಿಗೆ ದೊಡ್ಡಪ್ಪ ಅಂದೆ. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತಿದ್ದರು, ರಷ್ಯಾದ ಸಂಗೀತ ರಚನಕಾರ ಮೆಟ್ನರ್ ತನ್ನ ಮೂರನೇ ಪಿಯಾನೋ ಕಂಚರ್ಟೋವನ್ನು (ವಾದ್ಯವೃಂದದ ಜೊತೆ ನುಡಿಸುವ ಕೃತಿ) ಅವರಿಗೇ ಅರ್ಪಿಸಿದ ಅಂತಲೂ ಹೇಳಿದೆ. "ಮಹಾರಾಜರು ಬಿಡಪ್ಪ" ಅಂದು ಕಾಫಿ ಕೇಳಿದರು.

ಹತ್ತನೇ ವಾರ

ಹಾಲ್ ನೋಡಿಕೊಂಡು ಬಂದೆವು. ಅಲ್ಲಿರುವುದು ಪೂರ್ತಿ ಪಿಯಾನೋದ 88 ಕೀ ಅಲ್ಲ, 61 ಕೀಯ ಕೀಬೋರ್ಡ್. ಕೀಗಳೂ ಹಗುರ, ಸ್ಪ್ರಿಂಗ್ ಮೇಲೆ ಕೂತಿವೆ. ದೊಡ್ಡ ಮಕ್ಕಳು ಗೊಣಗಿದರು, ಕೆಲವರ ಕೆಳಗಿನ ಸ್ವರಗಳೇ ಇಲ್ಲ. ನನ್ನ ಬೆರಳಿಗೆ ಮಾತ್ರ ಹಾರ್ಮೋನಿಯಂ ಮೇಲೆ ಕೂತ ಹಾಗಿತ್ತು. ಕೀ ಮೇಲೆ ಭಾರ ಹಾಕುವುದನ್ನು ಎರಡು ವರ್ಷ ಕಷ್ಟಪಟ್ಟು ಕಲಿತಿದ್ದೆ, ಅದು ಇಲ್ಲಿ ಬೇಕಾಗಿಲ್ಲ.

ಬಾಖ್‌ನ ಕೊನೆಯ ನಾಲ್ಕು ಬಾರ್‌ನಲ್ಲಿ ಎಡಗೈ ಮಧ್ಯದ ಸಿಯಿಂದ ಎರಡು ಸ್ಥಾಯಿ ಕೆಳಗಿನ ಸಿಗೆ ಇಳಿಯಬೇಕು. ಎದೆ ಢವಢವ ಅನ್ನುತ್ತಾ ಹುಡುಕಿದೆ. ಇತ್ತು. ಆ ಕೀಬೋರ್ಡಿನ ಕಟ್ಟಕಡೆಯ ಕೀ ಅದೇ. ಅದರಾಚೆ ಪ್ಲಾಸ್ಟಿಕ್ ಅಂಚು. ನೋಡದೆಯೂ ಕಿರುಬೆರಳಿಗೆ ಸಿಗುತ್ತದೆ, ತಪ್ಪಿ ಬೀಳಲು ಪಕ್ಕದಲ್ಲಿ ಬೇರೆ ಕೀಯೇ ಇಲ್ಲ.

ಅಲ್ಲಿ ಪೆಡಲ್ ಇಲ್ಲ, ನನ್ನದನ್ನು ಒಯ್ಯಬೇಕು. ಆನ್ ಮಾಡುವವರಿಗೆ ಕಾಲು ದೂರ ಇಡಿ ಅಂತ ಹೇಳಬೇಕು. ಅರಬೆಸ್ಕ್ ಎಡಗೈ 112ಕ್ಕೆ ಬಂದು ನಿಂತಿದೆ. ಅದರ ಕೆಳಗಿನ ಸ್ವರಗಳು 61ರೊಳಗೆ ಬರುತ್ತವೋ ಇಲ್ಲವೋ, ನಾಳೆ ಬೆಳಿಗ್ಗೆ ಪುಸ್ತಕ ಹಿಡಿದು ಒಂದೊಂದೇ ಎಣಿಸಬೇಕು.