ಜುಲೈನಲ್ಲಿ ನೋಡಿ ಹೋಗಿ, ನಡೆಯಲು ನವೆಂಬರ್‌ಗೆ ಬನ್ನಿ

ಜೂನ್ ಮುಗಿಯುತ್ತಿದ್ದ ಹಾಗೆ ಬೆಂಗಳೂರಿನ ನೆಂಟರ ಫೋನ್ ಶುರುವಾಗುತ್ತದೆ. ಭಾವನವರ ಮಗ ಈ ಸಲವೂ ಕೇಳಿದ. "ಚಿಕ್ಕಮ್ಮ, ಶನಿವಾರ ಭಾನುವಾರಕ್ಕೆ ಇನ್ನೊಂದು ರಜೆ ಸೇರಿಕೊಂಡಿದೆ. ಕೊಡಚಾದ್ರಿ ಹತ್ತಿ, ಯಾವುದಾದರೂ ಫಾಲ್ಸಲ್ಲಿ ಈಜಿ, ಕಯಾಕಿಂಗೂ ಮಾಡಿಕೊಂಡು ಬರೋಣ ಅಂತ." ಬನ್ನಿ ಅಂದೆ. ಕಡುಬು ಮಾಡಿ ಹಾಕುತ್ತೇನೆ, ಜಗಲಿಯಲ್ಲಿ ಕೂತು ಮಳೆ ನೋಡಿ, ಹಪ್ಪಳ ತಿನ್ನಿ, ವಾಪಸ್ ಹೋಗಿ. ಹತ್ತೋದು, ಈಜೋದು, ದೋಣಿ ಬಿಡೋದು ಎಲ್ಲ ದೀಪಾವಳಿ ಆದ ಮೇಲೆ. ಅವನಿಗೆ ಬೇಜಾರಾಯಿತು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ನಿಟ್ಟೂರಿನ ಕಡೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಎರಡು ದನ. ನನಗೆ ಗುಡ್ಡ ಹತ್ತುವುದು, ದೋಣಿ ಹುಟ್ಟು ಹಾಕುವುದು ಅಂದರೆ ಇಷ್ಟ. ಹಾಗಂತ ಮಳೆಗಾಲದಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸಾವಿರದ ಆಸುಪಾಸು. ಅದೂ ಇಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುತ್ತದೆ. ಹಾಗೆ ಸುರಿಯುವಾಗ ಹೊಳೆ ನಿನ್ನೆ ಇದ್ದ ಹಾಗೆ ಇವತ್ತು ಇರುವುದಿಲ್ಲ. ಬೆಳಿಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ.

ಹೊರಗಿನಿಂದ ಬಂದವರಿಗೆ ತಿಳಿಯದೆ ಹೋಗುವುದು ಒಂದೇ ವಿಷಯ. ನೀವು ನಿಂತ ಜಾಗದಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಮೇಲೆ ಎಲ್ಲೋ ಘಟ್ಟದ ತಲೆಯಲ್ಲಿ ಜೋರು ಮಳೆಯಾಗಿರುತ್ತದೆ. ಇಲ್ಲಿ ಬಿಸಿಲು ಬಿದ್ದಿರುತ್ತದೆ, ನೀರು ಮೊಣಕಾಲಷ್ಟೇ ಇರುತ್ತದೆ, ಬಂಡೆ ಮೇಲೆ ಕೂತು ಫೋಟೋ ತೆಗೆಯುತ್ತಿರುತ್ತೀರಿ. ಮೊದಲು ತಿಳಿನೀರು ಕೆಂಪಾಗುತ್ತದೆ. ಕಡ್ಡಿ, ದರಕು ಅಂದರೆ ತರಗೆಲೆ ತೇಲಿಕೊಂಡು ಬರುತ್ತವೆ. ಹೊಳೆಯ ಶಬ್ದ ಬದಲಾಗುತ್ತದೆ. ಇದರಲ್ಲಿ ಒಂದು ಕಂಡರೂ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ದಡ ಹತ್ತಿ. ಅದೂ ಬಂದ ದಡಕ್ಕೇ ಹತ್ತಿ. ಆಚೆ ದಡಕ್ಕೆ ಹೋದರೆ ಸಂಜೆವರೆಗೂ ಅಲ್ಲೇ ಉಳಿಯಬೇಕಾಗುತ್ತದೆ. ಇನ್ನು ಜಲಪಾತದ ಬುಡದ ಗುಂಡಿಗಳು ಮಳೆಗಾಲದಲ್ಲಿ ಈಜುಗಾರರಿಗೂ ಅಲ್ಲ. ಬಿದ್ದ ನೀರು ಕೆಳಗೆ ಹೋಗಿ, ಸುತ್ತಿ, ಮತ್ತೆ ಅಲ್ಲಿಗೇ ಬರುತ್ತಿರುತ್ತದೆ. ಅದರೊಳಗೆ ಸಿಕ್ಕವರನ್ನೂ ಹಾಗೇ ತಿರುಗಿಸುತ್ತದೆ. ಪ್ರತಿ ವರ್ಷ ಪೇಪರಿನಲ್ಲಿ ಒಂದಲ್ಲ ಒಂದು ಇಂಥ ಸುದ್ದಿ ಬರುತ್ತದೆ, ನೀವೂ ಓದಿರುತ್ತೀರಿ.

ಜೋಗವನ್ನು ಮಾತ್ರ ಮಳೆಗಾಲದಲ್ಲೇ ನೋಡಬೇಕು, ಇದಕ್ಕೆ ನನ್ನ ತಕರಾರಿಲ್ಲ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಬೀಳುವುದು ಆಗಲೇ. ಲಿಂಗನಮಕ್ಕಿ ತುಂಬಿ ಗೇಟು ತೆಗೆದ ದಿನ ಹೋದರೆ ಪುಣ್ಯ. ಅರ್ಧ ದಿನ ಮಂಜು ಮುಚ್ಚಿಕೊಂಡು ಏನೂ ಕಾಣುವುದಿಲ್ಲ, ಅದಕ್ಕೂ ಸಿದ್ಧರಾಗಿ ಹೋಗಿ. ಸುಮಾರು 1,400 ಮೆಟ್ಟಿಲು ಇಳಿದು ಬುಡಕ್ಕೆ ಹೋಗುವ ಆಸೆಯನ್ನು ಆಗ ಇಟ್ಟುಕೊಳ್ಳಬೇಡಿ.

ಉಂಬಳದ, ಅಂದರೆ ಜಿಗಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೌದು, ಇದೆ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ನನ್ನ ಕಾಲಿಗೂ ಹತ್ತಿರುತ್ತದೆ. ನಾವು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತೇವೆ, ನೀವು ಉಪ್ಪಿನ ಪುಡಿಯನ್ನು ಸಣ್ಣ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡರೂ ಸಾಕು. ಕಿತ್ತ ಮೇಲೂ ರಕ್ತ ನಿಲ್ಲುವುದಿಲ್ಲ, ಯಾಕೆಂದರೆ ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶವನ್ನು ಒಳಗೆ ಬಿಡುತ್ತದೆ. ನೋಡಲು ಭಯಂಕರ, ಅಷ್ಟೇ. ಒಬ್ಬಳು ಹುಡುಗಿ ನಮ್ಮ ಅಂಗಳದಲ್ಲಿ ಬಿಳಿ ಸಾಕ್ಸ್ ಕೆಂಪಾದದ್ದು ನೋಡಿ ಆಂಬುಲೆನ್ಸ್ ಕರೆಯಿರಿ ಅಂದಿದ್ದಳು. ನಮ್ಮ ಅತ್ತೆ ಅವಳ ಕಾಲಿಗೆ ಸುಣ್ಣ ಒರೆಸಿ, ತಟ್ಟೆಯಲ್ಲಿ ಎರಡು ತೆಳ್ಳೇವು ಹಾಕಿ ಕೂರಿಸಿದರು.

ಭೂಮಿ ಹುಣ್ಣಿಮೆ ಕಳೆದು, ದೀಪಾವಳಿಯ ಗೋಪೂಜೆ ಮುಗಿಯುವ ಹೊತ್ತಿಗೆ ಇಲ್ಲಿನ ಚಿತ್ರವೇ ಬೇರೆ. ಹೊಳೆಗಳಲ್ಲಿ ನೀರು ಇರುತ್ತದೆ, ಆದರೆ ತಿಳಿಯಾಗಿರುತ್ತದೆ. ಬಂಡೆಗಳ ಮೇಲಿನ ಪಾಚಿ ಒಣಗುತ್ತಾ ಬಂದಿರುತ್ತದೆ. ಗುಡ್ಡದ ತಲೆಯ ಹುಲ್ಲು ಹಳದಿಗೆ ತಿರುಗಲು ಶುರು. ಆಗ ಕೊಡಚಾದ್ರಿ.

ಹೋದ ವರ್ಷ ಭಾವನವರ ಮಕ್ಕಳನ್ನು ಕರೆದುಕೊಂಡು ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಹತ್ತಿದೆವು. ಬೆಳಿಗ್ಗೆ ಬೇಗ, ಇಬ್ಬನಿ ಇನ್ನೂ ಎಲೆಗಳಿಂದ ತೊಟ್ಟಿಕ್ಕುವಾಗ. ತೋಟ, ಗದ್ದೆ ದಾಟಿ ಕಾಡಿಗೆ ಬಿದ್ದ ಮೇಲೆ ನೀರಿನ ಪಕ್ಕದಲ್ಲೇ ಹತ್ತಬೇಕು. ಜಲಪಾತ ಒಂದೇ ಅಲ್ಲ, ಹಂತ ಹಂತವಾಗಿ ಇಳಿಯುತ್ತದೆ, ನಾವೂ ಹಂತ ಹಂತವಾಗಿ ಬೇರು ಹಿಡಿದು, ಬಂಡೆಗೆ ಕೈಕೊಟ್ಟು ಏರಬೇಕು. ಇಡೀ ದಾರಿಯಲ್ಲಿ ಕಷ್ಟದ ಜಾಗ ಇದೇ, ಚಂದದ ಜಾಗವೂ ಇದೇ. ಜಿಮ್‌ಗೆ ಹೋಗುವ ದೊಡ್ಡ ಮಾಣಿ ಇಲ್ಲಿ ಸುಸ್ತಾದ. ನೃತ್ಯ ಕಲಿಯುವ ಅವನ ತಂಗಿ ಎಲ್ಲಿ ಕಾಲಿಡಬೇಕೆಂದು ನೋಡಿ ನೋಡಿ ಇಡುತ್ತಾ ಆರಾಮಾಗಿ ಹತ್ತಿದಳು. ಬಲಕ್ಕಿಂತ ಹೆಜ್ಜೆ ಮುಖ್ಯ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ, ಅವನ ಮುಖ ನೋಡಿ ಸುಮ್ನಾದೆ.

ಕಾಡು ಮುಗಿದು ಒಮ್ಮೆಲೇ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಮೇಲೆ ಬೋಳು ಗುಡ್ಡ, ಕಣಿವೆಯ ಮಡಿಕೆಗಳಲ್ಲಿ ಮಾತ್ರ ದಟ್ಟ ಮರಗಳು. ಇದನ್ನೇ ಶೋಲಾ ಕಾಡು ಅನ್ನುತ್ತಾರೆ. ಮಳೆಗಾಲದಲ್ಲಿ ಹುಲ್ಲಿನ ಬೇರು, ಈ ಕಾಡಿನ ನೆಲ ನೀರನ್ನು ಕುಡಿದು ಇಟ್ಟುಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮಳೆ ನಿಂತು ತಿಂಗಳಾದರೂ ಹಿಡ್ಲುಮನೆಯಲ್ಲಿ ನೀರು ಬೀಳುವುದು ಅದರಿಂದಲೇ. ಹುಲ್ಲಿನ ಮೇಲೆ ಅಡ್ಡಾದಿಡ್ಡಿ ಓಡಾಡಬೇಡಿ, ಇರುವ ಕಾಲುದಾರಿಯಲ್ಲೇ ಹೋಗಿ ಅಂತ ಅರಣ್ಯ ಇಲಾಖೆಯವರು ಹೇಳುವುದು ಸುಮ್ನೆ ಅಲ್ಲ.

ಸರ್ವಜ್ಞ ಪೀಠ 1,343 ಮೀಟರ್ ಎತ್ತರದಲ್ಲಿದೆ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆ. ಸಣ್ಣ ಕಲ್ಲಿನ ಮಂಟಪ, ಅದರ ಸುತ್ತ ಗಾಳಿ. ಪಶ್ಚಿಮಕ್ಕೆ ನೆಲ ಒಮ್ಮೆಲೇ ಕುಸಿದ ಹಾಗೆ ಕೊಲ್ಲೂರಿನ ಕಡೆ ಇಳಿಯುತ್ತದೆ. ನವೆಂಬರ್‌ನ ತಿಳಿ ಗಾಳಿಯಲ್ಲಿ ಅರಬ್ಬೀ ಸಮುದ್ರ ಗೆರೆಯ ಹಾಗೆ ಕಾಣುತ್ತದೆ. ಜುಲೈನಲ್ಲಿ ಇಲ್ಲಿ ನಿಂತರೆ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ ತಿಂದೆವು.

ಇಳಿಯುವಾಗ ಜೀಪು ಹತ್ತಿದೆವು. ಇದನ್ನು ಹೇಳಿದರೆ ಕೆಲವು ಚಾರಣಿಗರು ಮೂಗು ಮುರಿಯುತ್ತಾರೆ. ಮುರಿಯಲಿ. ಮಂಡಿ ಹಾಳಾಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಮೇಲಾಗಿ ಆ ಕೊರಕಲು ರಸ್ತೆಯಲ್ಲಿ ಹಳೆಯ ಜೀಪನ್ನು ಇಳಿಸುವ ನಮ್ಮೂರಿನ ಡ್ರೈವರ್‌ಗಳ ಕೆಲಸ ನೋಡುವುದೇ ಒಂದು ಸಾಹಸ. ನೀವು ಕಂಬಿ ಗಟ್ಟಿಯಾಗಿ ಹಿಡಿದು ಕೂತರೆ ಸಾಕು.

ಇನ್ನು ನೀರಾಟ. ತಾಳಗುಪ್ಪದ ಹತ್ತಿರ ಹೊನ್ನೆಮರಡು ಅಂತ ಊರು. ಶರಾವತಿಯ ಹಿನ್ನೀರು ಅಲ್ಲಿ ದಡಕ್ಕೆ ಬಂದು ನಿಂತಿದೆ. ನಾನು ಕಯಾಕ್ ಕಲಿತದ್ದು ಅಲ್ಲೇ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ತೋಳಿನ ಬಲದಲ್ಲಿ ಹುಟ್ಟು ಹಾಕಿದರೆ ಹತ್ತು ನಿಮಿಷಕ್ಕೆ ಭುಜ ಹಿಡಿದುಕೊಳ್ಳುತ್ತದೆ. ಸೊಂಟದಿಂದ ಮೈ ತಿರುಗಿಸಬೇಕು, ಹುಟ್ಟು ತಾನಾಗಿ ನೀರಿಗೆ ಬೀಳುತ್ತದೆ. ಮೊಸರು ಕಡೆದು ಅಭ್ಯಾಸ ಇದ್ದವರಿಗೆ ಇದು ಬೇಗ ಬರುತ್ತದೆ, ತಮಾಷೆ ಅಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳುವುದು ಈಜು ಬಾರದವರಿಗೆ ಮಾತ್ರ ಅಂದುಕೊಳ್ಳಬೇಡಿ. ಬೆಳಗಿನ ಹೊತ್ತು ನೀರು ಅಲುಗಾಡದೆ ಇರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ವಾಪಸ್ ಬರುವುದು ದುಪ್ಪಟ್ಟು ಕೆಲಸ. ಆದ್ದರಿಂದ ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರಲಿ. ನೀರು ಇಳಿದಂತೆ ಒಳಗಿನ ಒಣ ಮರಗಳ ಬೊಡ್ಡೆಗಳು ಮೇಲೆ ಬರುತ್ತವೆ, ಕೆಲವು ಒಂದೇ ಗೇಣು ನೀರಿನ ಕೆಳಗೆ ಅಡಗಿರುತ್ತವೆ. ಅವಕ್ಕೆ ಕಯಾಕ್ ತಾಗಿದರೆ ಮಗುಚುತ್ತದೆ.

ಆ ಮರಗಳು ಅಲ್ಲಿ ಯಾಕಿವೆ ಅನ್ನುವುದನ್ನು ಕಯಾಕ್ ಮಾಡಲು ಬರುವವರಿಗೆ ನಾನು ಹೇಳದೆ ಬಿಡುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಈ ನೀರಿನ ಕೆಳಗೆ ಊರುಗಳಿದ್ದವು. ನಮ್ಮ ಅತ್ತೆಯ ತವರು ಅದರಲ್ಲೊಂದು. ಅವರಿಗೆ ಹತ್ತು ಹನ್ನೆರಡು ವರ್ಷ ಇದ್ದಾಗ ಲಾರಿಯಲ್ಲಿ ಪಾತ್ರೆ, ಬಾಗಿಲು, ಕಂಬ ಎಲ್ಲ ಏರಿಸಿಕೊಂಡು ಬಂದರಂತೆ. ಮೊದಲ ಸಲ ನಾನು ಹೊನ್ನೆಮರಡಿನಿಂದ ಬಂದು ಖುಷಿಯಲ್ಲಿ ಹೇಳಿದರೆ, "ನಮ್ಮನೆ ಗದ್ದೆ ಮೇಲೆ ದೋಣಿ ಬಿಟ್ಕಂಡು ಬಂದ್ಯನೇ?" ಅಂತ ಕೇಳಿದರು. ಕೋಪದಲ್ಲಿ ಅಲ್ಲ. ಆಮೇಲೆ ಯಾವ ಕಡೆಯ ಗುಡ್ಡ ಕಂಡಿತು, ಅದರ ನೆತ್ತಿ ಹೇಗಿದೆ ಅಂತ ವಿವರವಾಗಿ ವಿಚಾರಿಸಿದರು. ಮುಳುಗಡೆಯಾದವರಲ್ಲಿ ಎಷ್ಟೋ ಜನರಿಗೆ ಸಿಕ್ಕ ಜಮೀನಿನ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಸಾಗರಕ್ಕೆ ಹೋಗಲು ಹೊಳೆಬಾಗಿಲಿನ ಲಾಂಚ್‌ಗೆ ಕಾಯುತ್ತಿದ್ದ, ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರಲ್ಲಿ. ನಾವು ರಜೆಗೆ ಆಡುವ ನೀರು ಅವರಿಗೆ ಅರವತ್ತು ವರ್ಷ ಅಡ್ಡ ನಿಂತಿತ್ತು, ಅಲ್ವಾ?

ಮಂಡಿ ನೋವಿನ ಅಕ್ಕ ಬಂದರೆ ನಾನು ಕವಲೇದುರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ತೀರ್ಥಹಳ್ಳಿ ಕಡೆ, ಕೆಳದಿ ಅರಸರ ಕೋಟೆ. ಕಲ್ಲು ಹಾಸಿದ ದಾರಿ, ಒಂದರ ಮೇಲೊಂದು ಸುತ್ತಿನ ಗೋಡೆ, ಮೇಲೆ ಅರಮನೆಯ ತಳಪಾಯ. ಕೂತು ಕೂತು ಹತ್ತಬಹುದು. ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಮಾತ್ರ ರಜೆ ದಿನಗಳಲ್ಲಿ ನನ್ನನ್ನು ಕರೆಯಬೇಡಿ, ಅಲ್ಲಿ ಸೂರ್ಯನಿಗಿಂತ ಕಾರು ಜಾಸ್ತಿ. ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ಹೋಗುವವರು ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿಕೊಳ್ಳಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಗೇಟಿನ ಹತ್ತಿರ ಬಂದು ಗೋಗರೆದರೆ ಬಿಡುವುದಿಲ್ಲ.

ಈಗ ಡಿಸೆಂಬರ್ ಆದ ಮೇಲಿನ ವಿಷಯ. ಉಂಬಳಕ್ಕೆ ಕಿರುಚುವವರು ಉಣುಗಿಗೆ, ಅಂದರೆ ರಕ್ತ ಹೀರುವ ಉಣ್ಣೆಗೆ ಕಿರುಚುವುದಿಲ್ಲ, ಯಾಕೆಂದರೆ ಅದು ಕಾಣುವುದೇ ಇಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಯತೊಡಗಿದವು, ಆಮೇಲೆ ಜನರಿಗೆ ಜ್ವರ ಬಂತು. ಹರಡುವುದು ಉಣುಗಿನ ಮರಿಗಳು. ಚಳಿಗಾಲದಿಂದ ಬೇಸಿಗೆಯವರೆಗೆ ಒಣ ದರಕಿನ ಮೇಲೆ ಅವು ತುಂಬಿರುತ್ತವೆ. ಹೆಚ್ಚು ಸಿಕ್ಕಿಬೀಳುವವರು ಪ್ರವಾಸಿಗರಲ್ಲ, ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ, ಸೌದೆ ತರುವ ನಮ್ಮವರು. ಆದರೆ ಉಣುಗಿಗೆ ನೀವು ಬೆಂಗಳೂರಿನವರು ಅಂತ ಗೊತ್ತಾಗುವುದಿಲ್ಲ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ನಮಗೆ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗುತ್ತೇವೆ. ತುಂಬುತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಿ ಫೋಟೋ ತೆಗೆಸಿಕೊಳ್ಳಲೇಬೇಡಿ. ಸತ್ತ ಮಂಗ ಕಂಡರೆ ಅತ್ತ ಹೋಗದೆ ಊರಿನವರಿಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಊರಿಗೆ ಹೋದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಹೇಳಲು ಮರೆಯಬೇಡಿ. ಅಲ್ಲಿಯ ಡಾಕ್ಟರಿಗೆ ಅದು ತಾನಾಗಿ ಹೊಳೆಯದೇ ಇರಬಹುದು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕಾಡಿನ ನಡಿಗೆ ನವೆಂಬರ್‌ಗೆ. ಜನವರಿಯಲ್ಲಿ ಬಂದರೆ ಕಾಡು ಬಿಟ್ಟು ನೀರಿಗೆ ಹೋಗೋಣ. ಒಂದೇ ತೊಡಕು, ಅಡಿಕೆ ಗೊನೆಯ ಕೊಯ್ಲು ಇದೇ ತಿಂಗಳುಗಳಲ್ಲಿ. ಒಲೆಯ ಮೇಲೆ ಅಡಿಕೆ ಬೇಯುತ್ತಿರುವಾಗ ನಮ್ಮನೆಯವರು ಅಂಗಳ ಬಿಟ್ಟು ಕದಲುವುದಿಲ್ಲ, ನಾನೊಬ್ಬಳೇ ಹೊರಡುತ್ತೇನೆ.

ಬೇಸಿಗೆಗೆ ಒಂದು ಯೋಚನೆ ಇದೆ. ಲಿಂಗನಮಕ್ಕಿಯಲ್ಲಿ ನೀರು ತೀರಾ ಇಳಿದ ವರ್ಷ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಜೋಗದ ಹಳೆಯ ವಿದ್ಯುತ್ ಕೇಂದ್ರಕ್ಕೆ ನೀರು ಕೊಡುತ್ತಿದ್ದ ಅಣೆಕಟ್ಟು, ಹೊಸದು ಬಂದ ಮೇಲೆ ತಾನೇ ಮುಳುಗಿತು. ಈ ಸಲ ಏಪ್ರಿಲ್‌ನಲ್ಲಿ ನೀರಿನ ಮಟ್ಟ ನೋಡಿಕೊಂಡು ಹೋಗಬೇಕು ಅಂತಿದ್ದೇನೆ. ನಮ್ಮ ಅತ್ತೆಯೂ ಬರುತ್ತೇನೆ ಅಂದಿದ್ದಾರೆ. ಬಿಸಿಲು ಜೋರಿರುತ್ತದೆ, ನೆರಳು ಒಂದು ಚೂರೂ ಇರುವುದಿಲ್ಲ. ಬರುವವರು ಟೋಪಿ, ಕುಡಿಯುವ ನೀರು ನೀವೇ ತನ್ನಿ.